ಜನವರಿಯ ಎಂಬತ್ತು ಸೆಂಟ್ ಮಳೆ

ನನ್ನ ಗಂಡ ದಿನಾ ಬೆಳಿಗ್ಗೆ ಎಂಟು ಗಂಟೆಗೆ ಇನ್ನೊಬ್ಬ ಹೆಂಗಸಿಗೆ ಫೋನ್ ಮಾಡುತ್ತಾರೆ. ಮಾಡುವ ಮೊದಲು ಶೇವ್ ಮಾಡಿಕೊಂಡು, ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು, ತಲೆ ಬಾಚಿಕೊಳ್ಳುತ್ತಾರೆ. "ಲ್ಯಾಂಡ್‌ಲೈನ್ ಕಣ್ರೀ ಅದು, ಆ ಕಡೆಯವರಿಗೆ ನಿಮ್ಮ ಮುಖ ಕಾಣಲ್ಲ" ಎಂದು ಒಂದೆರಡು ಸಲ ಹೇಳಿ ನೋಡಿದೆ. ಕೇಳಿಸಿಕೊಂಡವರ ಹಾಗೆ ತಲೆಯಾಡಿಸಿ, ಬಾಚಣಿಗೆಯನ್ನು ಇನ್ನೊಮ್ಮೆ ಆಡಿಸಿದರು. ನನಗೋಸ್ಕರ ಇವರು ಹೀಗೆ ತಲೆ ಬಾಚಿಕೊಂಡದ್ದು ಯಾವಾಗ ಎಂದು ಯೋಚಿಸುತ್ತಾ ನಾನು ಟೋಸ್ಟಿಗೆ ಬೆಣ್ಣೆ ಸವರುತ್ತೇನೆ. ಬೆಣ್ಣೆ ಸ್ವಲ್ಪ ಜಾಸ್ತಿಯೇ ಆಗುತ್ತದೆ.

ಆ ಹೆಂಗಸು ನನ್ನ ಚಿಕ್ಕಪ್ಪನ ಮಗಳು, ನನಗೆ ತಂಗಿ. ಗುಡ್ಡದ ಆ ಪಕ್ಕ, ದೇವರಮನೆ ರಸ್ತೆಯಲ್ಲಿ ಅವಳ ಎಸ್ಟೇಟು. ಈ ಪಕ್ಕ, ಮೂಡಿಗೆರೆ ಕಡೆಗೆ ನಮ್ಮದು. ಗಂಡ ಹೋದ ಮೇಲೆ ತೋಟ ಅವಳೇ ನಡೆಸುತ್ತಾಳೆ, ಜೀಪು ಅವಳೇ ಓಡಿಸುತ್ತಾಳೆ, ಜೀಪಿನ ಸದ್ದನ್ನೂ ಮೀರಿ ನಗುತ್ತಾಳೆ. ನನ್ನನ್ನು ಕಾನ್ವೆಂಟಿಗೆ ಹಾಕಿದರು. ಗಟ್ಟಿಯಾಗಿ ನಗಬಾರದು, ಊಟದ ಮೇಜಿನ ಮೇಲೆ ಮೊಣಕೈ ಇಡಬಾರದು, ಕೇಳದೆ ಮಾತಾಡಬಾರದು ಎಂದು ಮದರ್ ಕಲಿಸಿದ್ದು ಇವತ್ತಿಗೂ ಬೆನ್ನಿನಲ್ಲಿ ಕೋಲಿನ ಹಾಗೆ ನಿಂತಿದೆ. ಅವಳು ಕಳಸದ ಅಜ್ಜಿಮನೆಯಲ್ಲಿದ್ದು ಕನ್ನಡ ಶಾಲೆಗೆ ಹೋದಳು, ಮರ ಹತ್ತಿದಳು, ಬೈಗುಳ ಕಲಿತಳು. ಹೆಂಡತಿಯ ತಂಗಿಗೆ ಭಾವನನ್ನು ರೇಗಿಸುವ ಲೈಸೆನ್ಸು ಅಕ್ಕನ ಮದುವೆಯ ದಿನವೇ ಸಿಕ್ಕಿಬಿಡುತ್ತದೆ. "ಎಂತ ಭಾವ, ಇನ್ನೂ ಇದೀರಾ?" ಎಂದು ಅವಳು ಫೋನಿನಲ್ಲಿ ಕೇಳಿದರೆ ಇವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅದೇ ಮಾತನ್ನು ನಾನು ಕೇಳಿದರೆ ಹೇಗಿರುತ್ತದೆ, ನೀವೇ ಹೇಳಿ.

ಇವರಿಗೆ ಡಿಮೆನ್ಷಿಯಾ. ಕಾರಿನ ಕೀ ಎಲ್ಲಿ, ಕನ್ನಡಕ ಎಲ್ಲಿ ಎಂಬಲ್ಲಿಂದ ಶುರುವಾದದ್ದು ಈಗ ನಾನು ಯಾರು ಎಂಬಲ್ಲಿಗೆ ಬಂದು ನಿಂತಿದೆ. ಒಳ್ಳೆಯ ದಿನವಾದರೆ ಬೆಳಿಗ್ಗೆ ಹೊತ್ತು ನಾನು ಹೆಂಡತಿ. ಮಧ್ಯಾಹ್ನ ಮನೆಗೆ ಬಂದಿರುವ ಯಾರೋ ನೆಂಟರಾಕೆ, "ನಿಮ್ಮ ಊಟ ಆಯ್ತಾಮ್ಮ?" ಎಂದು ಬಹಳ ಮರ್ಯಾದೆಯಿಂದ ಕೇಳುತ್ತಾರೆ. ಬಿಸಿಲು ಇಳಿದ ಮೇಲೆ ನಾನು ಅವರನ್ನು ಮನೆಗೆ ಹೋಗಲು ಬಿಡದ ಗಯ್ಯಾಳಿ. ಗೇಟಿನ ಹತ್ತಿರ ಹೋಗಿ ನಿಂತುಬಿಡುತ್ತಿದ್ದರು. "ನಮ್ಮ ಮನೆಗೆ ಹೋಗಬೇಕು, ಡ್ರೈವರನ್ನು ಕರೀರಿ" ಎನ್ನುವರು. ಇದೇ ನಿಮ್ಮ ಮನೆ ಎಂದರೆ ಸಿಟ್ಟು ನೆತ್ತಿಗೇರುತ್ತಿತ್ತು.

ಜೊತೆಗಿದ್ದು ತೋಟ ನೋಡಿಕೊಳ್ಳುವ ಮಗಳು ಇವರನ್ನು ಚಿಕ್ಕಮಗಳೂರಿನ ಒಬ್ಬ ಡಾಕ್ಟರಿಗೆ ತೋರಿಸಿದಳು. ಅವರು ಮಾತ್ರೆ ಬರೆದುಕೊಟ್ಟು, "ಸುಮ್ಮನೆ ಕೂರಿಸಬೇಡಿ, ಏನಾದರೂ ಮಾಡಿಸ್ತಾ ಇರಿ" ಎಂದರು. ಆ ಜವಾಬ್ದಾರಿ ನಾನು ತೆಗೆದುಕೊಂಡೆ. ಓದಿದ ಹೆಂಗಸಲ್ಲವೇ. ಜಿಗ್‌ಸಾ ಪಜಲ್ ತರಿಸಿದೆ. ಅದರ ಒಂದು ತುಂಡನ್ನು ಬಿಸ್ಕತ್ ಎಂದುಕೊಂಡು ಬಾಯಿಗಿಟ್ಟರು. ಕಲರಿಂಗ್ ಬುಕ್ ತರಿಸಿದೆ. "ನಾನೇನು ಎಲ್‌ಕೆಜಿ ಹುಡುಗನಾ?" ಎಂದು ಕ್ರೇಯಾನ್ ಡಬ್ಬಿಯನ್ನು ತಳ್ಳಿದರು. ಕೊನೆಗೆ ಆಲ್ಬಮ್ ತೆಗೆದು ಪಕ್ಕದಲ್ಲಿ ಕೂತೆ. ಇದು ಯಾರು, ಇದು ಯಾವ ಊರು, ಸರಿಯಾಗಿ ನೋಡಿ ಹೇಳಿ ಎಂದು ಒಂದೊಂದೇ ಫೋಟೋದ ಮೇಲೆ ಬೆರಳಿಟ್ಟೆ. ನಮ್ಮ ಮದುವೆಯ ಫೋಟೋ ಬಂತು. ಬಹಳ ಹೊತ್ತು ನೋಡಿದರು. ಕಣ್ಣಿನಲ್ಲಿ ಏನೋ ಕರಗಿತು. ನಾನು ಉಸಿರು ಹಿಡಿದು ಕಾದೆ.

"ಪಾಪ, ಹುಡುಗಿ ಹೆದರಿಕೊಂಡಿದೆ" ಎಂದರು.

ಬಾಗಿಲಲ್ಲಿ ನಿಂತಿದ್ದ ಮಗಳು, "ಅಮ್ಮ, ನೀವು ಅಪ್ಪನ ಜೊತೆ ಕೂತಿಲ್ಲ, ಅಪ್ಪನಿಗೆ ಪರೀಕ್ಷೆ ಮಾಡ್ತಾ ಇದೀರಿ" ಎಂದಳು. ನಾನು ಆಲ್ಬಮ್ ಮುಚ್ಚಿಟ್ಟೆ.

ಈಗ ಮಳೆಯ ವಿಷಯ. ಕಾಫಿಯವರಿಗೆ ಮಳೆ ಬಂತು ಎಂದರೆ ಸಾಲದು, ಎಷ್ಟು ಬಂತು ಎಂದು ಹೇಳಬೇಕು. ದೇಶವೆಲ್ಲ ಮಿಲಿಮೀಟರಿಗೆ ಹೋದರೂ ನಾವು ಹೋಗಲಿಲ್ಲ, ನಮ್ಮದು ಇಂಚು ಮತ್ತು ಸೆಂಟ್. ಇಂಚಿಗೆ ನೂರು ಸೆಂಟ್. ಬೇಸಿಗೆಯಲ್ಲಿ ಕಾಫಿ ಗಿಡಕ್ಕೆ ಹೂ ಬಿಡಿಸುವ ಮಳೆ ಬಿದ್ದ ಬೆಳಿಗ್ಗೆ ಈ ಗುಡ್ಡಗಳಲ್ಲಿ ಯಾರೂ ಯಾರ ಆರೋಗ್ಯವನ್ನೂ ವಿಚಾರಿಸುವುದಿಲ್ಲ. "ನಿಮ್ಮಲ್ಲಿ ಎಷ್ಟು?" ಅಷ್ಟೇ. ಅದರಲ್ಲೂ ಹೊಟ್ಟೆಕಿಚ್ಚು ಇದ್ದದ್ದೇ. ಒಂದೇ ಗುಡ್ಡದ ಆ ಕಡೆ ಒಂದೂವರೆ ಇಂಚು ಬಿದ್ದು ಈ ಕಡೆ ಇಪ್ಪತ್ತು ಸೆಂಟ್ ಬಿದ್ದರೆ, ಈ ಕಡೆಯವರಿಗೆ ಆ ದಿನ ಊಟ ಸೇರುವುದಿಲ್ಲ.

ಇವರು ತೋಟ ನೋಡಿಕೊಳ್ಳುತ್ತಿದ್ದಷ್ಟು ಕಾಲವೂ ದಿನಾ ಬೆಳಿಗ್ಗೆ ರೇನ್ ಗೇಜ್ ನೋಡುವುದು ಇವರದೇ ಕೆಲಸವಾಗಿತ್ತು. ಮಗಳು ಬಂದ ಮೇಲೆ ಅದೇನೋ ಆಟೋಮ್ಯಾಟಿಕ್ ಮಷೀನ್ ಹಾಕಿಸಿದಳು, ಮಳೆ ಮೊಬೈಲಿನಲ್ಲೇ ಕಾಣುತ್ತದೆ. ತಾಮ್ರದ ಹಳೆಯ ಗೇಜು ಕಾಫಿ ಒಣಗಿಸುವ ಕಣದ ಪಕ್ಕದ ಹುಲ್ಲಿನಲ್ಲಿ ಹಾಗೇ ಉಳಿದಿತ್ತು.

ಹೋದ ವರ್ಷ ಹೂಮಳೆ ಬಿದ್ದ ಮಾರನೆಯ ಬೆಳಿಗ್ಗೆ ತಂಗಿ ಫೋನ್ ಮಾಡಿದಾಗ ಹತ್ತಿರ ಇದ್ದದ್ದು ಇವರೊಬ್ಬರೇ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ರಿಸೀವರ್ ಮೇಜಿನ ಮೇಲೆ ಅಂಗಾತ ಬಿದ್ದಿತ್ತು, ಇವರು ಕಾಣಲಿಲ್ಲ. ಗಾಬರಿಯಿಂದ ಹೊರಗೆ ಓಡಿದೆ. ಗೇಜಿನ ಪಕ್ಕ ಮಂಡಿಯೂರಿ ಕೂತಿದ್ದರು. ಒಳಗಿನ ಬಾಟಲಿಯ ನೀರನ್ನು ಅಳತೆ ಗ್ಲಾಸಿಗೆ ಬಗ್ಗಿಸಿ, ಗ್ಲಾಸನ್ನು ಕಣ್ಣಿನ ಸಮಕ್ಕೆ ಹಿಡಿದಿದ್ದರು. ಶರಟಿನ ಗುಂಡಿ ಯಾವ ತೂತಿಗೆ ಹೋಗಬೇಕು ಎಂದು ತಿಳಿಯದ ಕೈ ಒಂದಿಷ್ಟೂ ಅಲುಗಲಿಲ್ಲ. ಎದ್ದು, ನನ್ನನ್ನು ದಾಟಿಕೊಂಡು, ಫೋನಿಗೆ ಹೋದರು.

"ಒಂದು ಇಂಚು ಹದಿನೈದು. ನಿಮ್ಮಲ್ಲಿ?"

ಆ ಕಡೆಯಿಂದ ಅವಳು ಏನೋ ಅಂದಳು. "ಸುಳ್ಳು ಹೇಳ್ಬೇಡ ಮಾರಾಯ್ತಿ!" ಎಂದು ಇವರು ನಕ್ಕರು. ಆ ನಗು ಸತ್ತೇಹೋಯಿತು ಎಂದು ನಾನು ಅಂದುಕೊಂಡಿದ್ದೆ. ಇತ್ತು. ಗುಡ್ಡದ ಆ ಪಕ್ಕ ಇತ್ತು.

ಮಗಳ ಮೊಬೈಲಿನಲ್ಲಿ ನೋಡಿದರೆ ಅದೂ ಹೆಚ್ಚುಕಡಿಮೆ ಅಷ್ಟನ್ನೇ ತೋರಿಸುತ್ತಿತ್ತು.

ಅಲ್ಲಿಂದ ಶುರು. ಮಳೆಗಾಲ ಹಿಡಿದ ಮೇಲಂತೂ ದಿನವೂ ಅಳೆಯಲು ಇತ್ತು, ದಿನವೂ ಹೇಳಲು ಇತ್ತು. ಎಬ್ಬಿಸದೆ ಏಳತೊಡಗಿದರು. ಬೂಟು ಅವರೇ ಹಾಕಿಕೊಂಡರು. ಫೋನ್ ಮುಗಿಸಿ ಬಂದರೆ ಹಸಿವು; ತಿಂಡಿಗೆ ಬೇಡ ಎನ್ನುತ್ತಿರಲಿಲ್ಲ. ಸಂಜೆ ಗೇಟಿನ ಕಡೆ ಹೊರಟಾಗ "ನಾಳೆ ಬೆಳಿಗ್ಗೆ ಗೇಜ್ ನೋಡೋರು ಯಾರು?" ಎಂದು ಮಗಳು ಕೇಳಿದರೆ, ಒಂದು ಕ್ಷಣ ನಿಂತು, "ಅದೂ ಹೌದು" ಎಂದು ವಾಪಸು ಬರುತ್ತಿದ್ದರು. ಮರೆತದ್ದು ಯಾವುದೂ ಮರಳಿ ಬರಲಿಲ್ಲ, ಆ ಆಸೆ ನಮಗೆ ಇರಲೂ ಇಲ್ಲ. ಆದರೆ ಅವರ ದಿನಕ್ಕೆ ಒಂದು ಬೆನ್ನೆಲುಬು ಬಂತು.

ಡಾಕ್ಟರಿಗೆ ಬಹಳ ಖುಷಿ. "ನೋಡಿ ಮೇಡಂ, ಇವರಿಗೆ ಟೈಮ್‌ಪಾಸ್ ಬೇಕಾಗಿರಲಿಲ್ಲ. ಗೊತ್ತಿರೋ ಕೆಲಸ ಬೇಕಿತ್ತು. ಆ ಕೆಲಸಕ್ಕೆ ಯಾರೋ ಒಬ್ಬರು ಕಾಯ್ತಾ ಇರಬೇಕಿತ್ತು" ಎಂದರು.

ಯಾರೋ ಒಬ್ಬರು! ನಾನು ಹ್ಯಾಂಡ್‌ಬ್ಯಾಗಿನ ಜಿಪ್ ಎಳೆಯುತ್ತಾ ತಲೆಯಾಡಿಸಿದೆ. ಇವರ ಮಾತ್ರೆಗೆ ಕಾಯುವವಳು ನಾನು, ಸ್ನಾನಕ್ಕೆ ಕಾಯುವವಳು ನಾನು, ರಾತ್ರಿ ಎದ್ದರೆ ಹಿಂದೆ ಹೋಗಿ ಕಾಯುವವಳು ನಾನು. ಮಳೆಯ ಲೆಕ್ಕಕ್ಕೆ ಕಾಯುವವಳು ಮಾತ್ರ ಅವಳು.

ಒಂದು ಬೆಳಿಗ್ಗೆ ನಾಚಿಕೆ ಬಿಟ್ಟು ಫೋನಿಗೆ ಅಡ್ಡ ನಿಂತೆ. "ನನಗೂ ಹೇಳಿ ಸ್ವಲ್ಪ. ಎಷ್ಟು ಬಂತು?"

ಇವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಬಹಳ ಪೊಲೈಟ್ ಆಗಿ ಕೇಳಿದರು: "ನಿಮ್ಮದು ಯಾವ ಎಸ್ಟೇಟ್?"

ನನ್ನದು ಯಾವ ಎಸ್ಟೇಟೂ ಇಲ್ಲ. ನಾನು ಪಕ್ಕಕ್ಕೆ ಸರಿದೆ.

ದೀಪಾವಳಿ ಕಳೆದ ಮೇಲೆ ಮಳೆ ಹಿಂದೆ ಸರಿಯಿತು, ಡಿಸೆಂಬರಿಗೆ ನಿಂತೇಹೋಯಿತು. ಮೊದಲ ಕೆಲವು ದಿನ "ನಿಲ್" ಎಂದು ಗಂಭೀರವಾಗಿ ಫೋನ್ ಮಾಡಿದರು. ಆಮೇಲೆ ಅವಳಲ್ಲೂ ಕಾಫಿ ಕೊಯ್ಲು ಜೋರಾಯಿತು, ಎಂಟು ಗಂಟೆಗೆ ಅವಳು ಮನೆಯಲ್ಲಿ ಇರುತ್ತಿರಲಿಲ್ಲ. ಅಲ್ಲಿ ಫೋನ್ ಅದರಷ್ಟಕ್ಕೆ ಬಡಿದುಕೊಳ್ಳುತ್ತಿತ್ತು. ಇವರು ರಿಸೀವರ್ ಇಟ್ಟು, ಖಾಲಿ ಬಾಟಲಿಯನ್ನು ಅಲ್ಲಾಡಿಸಿ, "ಗೇಜ್ ಕೆಟ್ಟುಹೋಗಿದೆ" ಎನ್ನತೊಡಗಿದರು. ಶೇವ್ ನಿಂತಿತು. ತಿಂಡಿ ಬೇಡವಾಯಿತು. ಒಂದು ಸಂಜೆ ಮತ್ತೆ ಗೇಟಿನ ಹತ್ತಿರ ನಿಂತಿದ್ದರು, ಗೇಜ್ ನೋಡುವವರು ಯಾರು ಎಂದು ಕೇಳಿದರೂ ತಿರುಗಲಿಲ್ಲ.

ಆಗ ನನಗೆ ಹೊಳೆಯಿತು. ಅವಳು ಮಳೆ ಕೇಳಬಲ್ಲಳು, ಮಳೆ ಕೊಡಲಾರಳು. ಕೊಡುವವಳು ನಾನು.

ಜನವರಿಯ ಒಂದು ಬೆಳಿಗ್ಗೆ, ಇವರು ಏಳುವ ಮೊದಲು, ಹಾಲಿನ ಲೋಟದಲ್ಲಿ ನೀರು ತೆಗೆದುಕೊಂಡು ಹೋಗಿ ಗೇಜಿನ ಬಾಯಿಗೆ ಸುರಿದೆ. ಸೆರಗಿನಿಂದ ಅಂಚನ್ನು ಒರೆಸಿದೆ ಕೂಡ. ಕಾನ್ವೆಂಟಿನಲ್ಲಿ ನಾಟಕವಾದಾಗಲೆಲ್ಲ ನನಗೆ ಮರದ ಪಾರ್ಟು ಸಿಗುತ್ತಿತ್ತು. ಆ ದಿನ ಮೊದಲ ಸಲ ಹೀರೋಯಿನ್ ಆದ ಹಾಗಿತ್ತು. ಆಮೇಲೆ ಇವರನ್ನು ಎಬ್ಬಿಸಿ, "ರಾತ್ರಿ ಏನೋ ಸದ್ದಾಯ್ತಪ್ಪ, ಒಂದು ಸಲ ಗೇಜ್ ನೋಡಿ ಬನ್ನಿ" ಎಂದು ಕಳಿಸಿ ಕಿಟಕಿಯಲ್ಲಿ ನಿಂತೆ.

ಬಾಟಲಿ ಎತ್ತಿದರು. ಅಲ್ಲಾಡಿಸಿದರು. ಮುಖ ಬೆಳಗಿತು. ಅಷ್ಟು ದೂರದಿಂದಲೂ ಕಂಡಿತು. ನಾನು ಬಾಗಿಲಿಗೆ ಬಂದು ನಿಂತೆ. ನನ್ನ ಮಳೆ, ನನ್ನ ಕೈಯಾರೆ ಸುರಿದ ಮಳೆ. ಮೊದಲು ನನಗೇ ಹೇಳುತ್ತಾರೆ ಎಂದುಕೊಂಡೆ.

"ಬಂತಾ? ಎಷ್ಟು?"

"ಸ್ವಲ್ಪ ದಾರಿ ಬಿಡೀಮ್ಮ" ಎಂದು ನನ್ನನ್ನು ಸುತ್ತಿಕೊಂಡು ಫೋನಿಗೆ ಹೋದರು. "ಹಲೋ! ಎಂಬತ್ತು ಸೆಂಟ್! ನಿಮ್ಮಲ್ಲಿ?"

ಆ ದಿನವೇ ಅವಳು ಮನೆಯಲ್ಲಿರಬೇಕೇ? ನನ್ನ ಮಳೆಯೂ ಅವಳ ಪಾಲಾಯಿತು.

ಮುಂದೆ ಆದದ್ದನ್ನು ನಾನು ಯೋಚಿಸಿರಲಿಲ್ಲ. ತೋಟದ ಮನೆಗೆ ಸೊಸೆಯಾಗಿ ಬಂದು ಇಷ್ಟು ವರ್ಷವಾದ ಮೇಲೆ ಯೋಚಿಸಬೇಕಿತ್ತು. ಜನವರಿಯಲ್ಲಿ ಮಳೆ ಎಂದರೆ ಕಾಫಿಯವರ ಎದೆ ಧಸಕ್ ಎನ್ನುತ್ತದೆ. ಕೊಯ್ದ ಕಾಫಿ ಕಣದಲ್ಲಿ ಹರಡಿರುತ್ತದೆ, ಕೊಯ್ಯದ ಹಣ್ಣು ಗಿಡದಲ್ಲಿರುತ್ತದೆ. ಗುಡ್ಡದ ಈ ಕಡೆ ಬಿದ್ದದ್ದು ಇನ್ನೊಂದು ಗಳಿಗೆಗೆ ಆ ಕಡೆ ಬೀಳಬಹುದು. ತಂಗಿ ಫೋನ್ ಇಟ್ಟವಳೇ ಪಕ್ಕದ ಎಸ್ಟೇಟಿಗೆ ತಿಳಿಸಿದಳು, ಅವರು ಅದರ ಪಕ್ಕದವರಿಗೆ. ಒಂಬತ್ತರ ಹೊತ್ತಿಗೆ ನಮ್ಮ ಫೋನಿಗೆ ಬಿಡುವೇ ಇಲ್ಲ. ಇವರು ಕುರ್ಚಿ ಎಳೆದುಕೊಂಡು, ಕಾಲ ಮೇಲೆ ಕಾಲು ಹಾಕಿ, ಒಬ್ಬೊಬ್ಬರಿಗೂ ಉತ್ತರ ಕೊಟ್ಟರು. "ಹೌದು ಮಾರಾಯ, ನಾನೇ ನೋಡಿದ್ದು. ಎಂಬತ್ತು. ನೀನು ಟಾರ್ಪಾಲು ಎಳಿ, ನನ್ನ ಕೇಳ್ತಾ ಕೂರಬೇಡ." ದೇವರಮನೆಯವರೆಗೂ ನೀಲಿ ಆಕಾಶದ ಕೆಳಗೆ ಜನ ಕಾಫಿಯನ್ನು ಗುಡ್ಡೆ ಹಾಕಿ ಟಾರ್ಪಾಲು ಹೊದಿಸುತ್ತಿದ್ದರು.

ಮಗಳು ಕಣದಿಂದ ಬಂದಳು, ಕೈಯಲ್ಲಿ ಮೊಬೈಲ್. "ಅಪ್ಪ, ಎಲ್ಲಿ ಮಳೆ? ಕಣದಲ್ಲಿ ಧೂಳು ಏಳ್ತಾ ಇದೆ. ಇದರಲ್ಲೂ ಸೊನ್ನೆ ಇದೆ ನೋಡಿ."

ಇವರು ಕಣವನ್ನು ನೋಡಿದರು. ಹಂಚಿನ ಮೇಲೆ, ಕಲ್ಲಿನ ಮೇಲೆ, ಎಲ್ಲೆಲ್ಲೂ ಒಣ ಬಿಸಿಲು. ಕಾಲು ಕೆಳಗಿಳಿಯಿತು. ಫೋನ್ ಮತ್ತೆ ಹೊಡೆದುಕೊಂಡಿತು, ಇವರು ಎತ್ತಲಿಲ್ಲ.

"ಹಾಗಾದ್ರೆ ನನಗೆ ಗ್ಲಾಸ್ ಓದೋದೂ ತಪ್ಪಿಹೋಯ್ತಾ?" ಎಂದು ಮೆಲ್ಲಗೆ ಕೇಳಿದರು.

ಊರು, ವರ್ಷ, ಹೆಂಡತಿ, ಎಲ್ಲವೂ ತಪ್ಪಿಹೋದ ಮನುಷ್ಯನಿಗೆ ತಪ್ಪದೆ ಉಳಿದದ್ದು ಅದೊಂದೇ. ಸುಮ್ಮನಿದ್ದರೆ ಅದೂ ಹೋಗುತ್ತದೆ, ಹೋದರೆ ಮತ್ತೆ ಆ ಗೇಜಿನ ಕಡೆಗೆ ಇವರು ಕಾಲಿಡುವುದಿಲ್ಲ ಎಂದು ನನಗೆ ಗೊತ್ತಾಯಿತು.

"ನೀವು ಸರಿಯಾಗೇ ಓದಿದಿರಿ" ಎಂದೆ. "ಗೇಜಿನಲ್ಲಿ ನೀರು ಇತ್ತು. ಸುರಿದದ್ದು ನಾನು."

ಮಗಳು ಹಣೆಗೆ ಕೈ ಹಚ್ಚಿಕೊಂಡಳು. ಇವರು ಎದ್ದು ನಿಂತರು. ಆ ಬೆನ್ನು ನೆಟ್ಟಗಾದದ್ದನ್ನು ನೋಡಬೇಕಿತ್ತು.

"ಗೇಜಿಗೆ ಕೈ ಹಾಕಿದ್ರಾ? ಯಾರ್ರೀ ನಿಮಗೆ ಪರ್ಮಿಷನ್ ಕೊಟ್ಟಿದ್ದು? ಗೇಜ್ ಅಂದ್ರೆ ಏನು ಅಂದ್ಕೊಂಡಿದೀರಿ, ಹೂವಿನ ಕುಂಡಾನಾ? ನೂರು ಜನ ನಂಬ್ಕೊಂಡು ಕೂತಿರ್ತಾರೆ!"

ಬೈದರು. ಚೆನ್ನಾಗಿ ಬೈದರು. ನನ್ನ ಕಣ್ಣಿನಲ್ಲಿ ಕಣ್ಣಿಟ್ಟು ಬೈದರು. ಎಷ್ಟೋ ತಿಂಗಳ ಮೇಲೆ ಇವರ ಪೂರ್ತಿ ಗಮನ ನನ್ನ ಮೇಲಿತ್ತು. ನಾನು "ಸಾರಿ" ಎಂದೆ, ಆದರೆ ಇನ್ನಷ್ಟು ಬೈಯಲಿ ಎಂದು ನಿಂತೇ ಇದ್ದೆ. ಆಮೇಲೆ ಇವರೇ ರಿಸೀವರ್ ಎತ್ತಿ ಅವಳಿಗೆ ಹೇಳಿದರು: "ಕ್ಯಾನ್ಸಲ್ ಮಾಡ್ಕೊಳಿ. ಇಲ್ಲೊಬ್ರು ಹೆಂಗಸು ನೀರು ಸುರಿದುಬಿಟ್ಟಿದಾರೆ. ನಿಲ್."

ಮಧ್ಯಾಹ್ನ ಜೀಪಿನ ಸದ್ದಾಯಿತು. ತಂಗಿ ಇಳಿದಳು, ತಲೆಯೆಲ್ಲ ಕಣದ ಧೂಳು. ಜಗಳಕ್ಕೆ ಬಂದಿದ್ದಾಳೆ ಎಂದು ನಾನು ನೆಟ್ಟಗೆ ನಿಂತೆ. ಅವಳು ಜಗಲಿಯ ಮೇಲೆ ಕುಕ್ಕರಿಸಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಅಲ್ಲ ಅಕ್ಕ, ಅಷ್ಟೂ ಇಂಗ್ಲಿಷ್ ಓದಿ ಕಡೆಗೆ ಇದಾ ಮಾಡೋದು? ನಮ್ಮ ಮೇಸ್ತ್ರಿ ಆಕಾಶ ನೋಡ್ಕೊಂಡು ನೋಡ್ಕೊಂಡು ಕತ್ತು ಉಳುಕಿಸ್ಕೊಂಡಿದಾನೆ."

"ಅವರಿಗೆ ಬೇಜಾರಾಗಿತ್ತು, ಅದಕ್ಕೆ" ಎಂದೆ.

"ನಿನಗೆ ಹೊಟ್ಟೆ ಉರಿದಿತ್ತು, ಅದಕ್ಕೆ."

ಅವಳು ನಗು ನಿಲ್ಲಿಸಿದಳು.

"ಅಕ್ಕ, ಭಾವ ನನ್ನ ಹತ್ರ ಮಾತಾಡ್ತಾರೆ ಅಂದ್ಕೊಂಡಿದೀಯಾ? ನಾನು ಯಾರು ಅಂತಲೂ ಅವರಿಗೆ ಗೊತ್ತಿಲ್ಲ ಮಾರಾಯ್ತಿ. ಮಳೆಗಾಲದಲ್ಲೇ ಒಂದು ಸಲ ನನ್ನ ಗಂಡನ್ನ ಫೋನಿಗೆ ಕರಿ ಅಂದ್ರು. ಅವರಿಗೆ ಗುಡ್ಡದ ಆ ಕಡೆಯ ಎಸ್ಟೇಟು, ಅಷ್ಟೇ ನಾನು."

ಇಷ್ಟು ದಿನ ಒಂದು ಎಸ್ಟೇಟಿನ ಮೇಲೆ ಕರುಬಿದೆನೇ ಎಂದು ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಎಸ್ಟೇಟಾದರೂ ಆದಳಲ್ಲ, ನಾನು ಅದೂ ಆಗಲಿಲ್ಲ ಎನ್ನಿಸಿತು.

ನಾವು ಮಾತಾಡುತ್ತಿದ್ದಾಗ ಇವರು ಕಣಕ್ಕೆ ಇಳಿದಿದ್ದರು. ಮಗಳು ಅಲ್ಲಿ ರೊಬಸ್ಟಾ ಚೆರ್ರಿಯನ್ನು, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣನ್ನು, ಚೀಲಕ್ಕೆ ತುಂಬಿಸಲು ಹೊರಟಿದ್ದಳು. ಇವರು ಬಗ್ಗಿ ಒಂದು ಹಿಡಿ ತೆಗೆದುಕೊಂಡು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಣಗಿದ ಕಾಯಿಯೊಳಗೆ ಬೀಜ ಸಡಿಲವಾಗಿ ಸದ್ದು ಮಾಡುತ್ತದೆ, ಆ ಸದ್ದು ಕೇಳಿಯೇ ಹಿಂದಿನವರು ಹದ ಹೇಳುತ್ತಿದ್ದರು. "ಚೀಲ ಕೆಳಗಿಡಿ" ಎಂದರು. "ಇನ್ನೂ ಎರಡು ಬಿಸಿಲು ಬೇಕು." ಮಗಳು ನಮ್ಮ ಕಡೆ ಒಂದು ಸಲ ನೋಡಿ, "ಆಯ್ತು ಅಪ್ಪ, ನಾಳೆ ಮತ್ತೆ ನೋಡಿ ಹೇಳಿ" ಎಂದು ಚೀಲ ಕೆಳಗಿಟ್ಟಳು.

ಮುಷ್ಟಿ ಬಿಡದೆ ಇವರು ನಮ್ಮಿಬ್ಬರ ಹತ್ತಿರ ಬಂದರು. ನೇರವಾಗಿ ಅವಳ ಕಡೆಗೇ. ನಾನು ಬೇರೆ ಕಡೆ ನೋಡಿದೆ.

"ನನ್ನ ಕಿವಿಯಲ್ಲಿ ಧೂಳು ತುಂಬಿದೆ ಭಾವ" ಎಂದು ತಂಗಿ ನನ್ನ ಕಡೆ ಕೈ ತೋರಿಸಿದಳು. "ಇವರಿಗೆ ಕೇಳ್ಸಿ."

"ಇವರಿಗೆ ಗೊತ್ತಾಗುತ್ತಾ?"

"ಗೊತ್ತಾಗಲ್ಲ. ಕಲಿಸಿ."

ಹೀಗೆ ಬಿಟ್ಟುಕೊಡುವುದೂ ಅವಳಿಗೆ ಎಷ್ಟು ಸಲೀಸಾಗಿ ಬರುತ್ತದೆ! ಅದಕ್ಕೂ ನನಗೆ ಹೊಟ್ಟೆ ಉರಿಯಿತು. ಆದರೆ ಇವರ ಮುಷ್ಟಿ ನನ್ನ ಕಿವಿಯ ಹತ್ತಿರ ಬಂದಿತ್ತು. ಶೇವ್ ಮಾಡದ ಗಡ್ಡ, ಕಾಫಿ ಸಿಪ್ಪೆಯ ಹುಳಿ ವಾಸನೆ, ಇವರ ಉಸಿರು. ನಾನು ಕಣ್ಣು ಮುಚ್ಚಿಕೊಂಡೆ.

"ಕೇಳ್ತಾ? ಮಂದ ಇದೆ. ಪೂರ್ತಿ ಒಣಗಿದ್ರೆ ಗಲಗಲ ಅನ್ನುತ್ತೆ."

"ಇನ್ನೊಂದು ಸಲ" ಎಂದೆ. ಮೊದಲ ಸಲವೇ ಕೇಳಿಸಿತ್ತು.

ಈಗ ಬಿಸಿಲು ಚುರುಕಾದ ಮೇಲೆ ನಾವಿಬ್ಬರೂ ಕಣಕ್ಕೆ ಇಳಿಯುತ್ತೇವೆ. ಎಲ್ಲಿಂದ ಹಿಡಿ ತೆಗೆಯಬೇಕು ಎಂದು ಇವರು ತೋರಿಸುತ್ತಾರೆ. ಮೇಲಿನದನ್ನು ತೆಗೆದರೆ ಕೈಗೆ ಮೆಲ್ಲಗೆ ಒಂದು ಏಟು. ಎಷ್ಟು ಬಿಸಿಲು ಬೇಕು ಎಂದು ಮೊದಲು ನಾನು ಹೇಳಬೇಕು. ತಪ್ಪು ಹೇಳಿದರೆ ಖುಷಿಯಾಗುತ್ತಾರೆ, ಹಾಗಾಗಿ ಆಗಾಗ ತಪ್ಪು ಹೇಳುತ್ತೇನೆ. ನಾನು ಯಾರು ಎಂದು ಅವರೂ ಕೇಳುವುದಿಲ್ಲ, ನಾನೂ ಕೇಳುವುದಿಲ್ಲ. ಎಂಟು ಗಂಟೆಯ ಫೋನ್ ಮತ್ತೆ ಶುರುವಾಗಿದೆ, ಆ ಹೊತ್ತಿಗೆ ತಂಗಿ ಈಗ ಕೊಯ್ಲು ಬಿಟ್ಟು ಮನೆಗೆ ಬರುತ್ತಾಳೆ. ಶೇವ್, ಇಸ್ತ್ರಿ, ಬಾಚಣಿಗೆ ಎಲ್ಲವೂ ಇನ್ನೂ ಆ ಕಡೆಯವರಿಗೇ.

ನಿನ್ನೆ ಫೋನಿನಲ್ಲಿ ಹೇಳುತ್ತಿದ್ದರು: "ಇಲ್ಲಿ ಹೊಸದಾಗಿ ಒಬ್ರು ಬಂದಿದಾರೆ. ಇಂಗ್ಲಿಷ್ ಜಾಸ್ತಿ. ಕಣದ ಕೆಲಸ ಏನೂ ಗೊತ್ತಿರಲಿಲ್ಲ, ಈಗ ಪರವಾಗಿಲ್ಲ. ಕಿವಿ ಚೆನ್ನಾಗಿದೆ." ಸ್ವಲ್ಪ ಹೊತ್ತು ಆ ಕಡೆಯ ಮಾತು ಕೇಳಿ, "ಇಲ್ಲಮ್ಮ, ನಿಮ್ಮ ತೋಟಕ್ಕೆ ಕಳಿಸಕ್ಕಾಗಲ್ಲ, ಇಲ್ಲೇ ಬೇಕು" ಎಂದರು.

ಮಧ್ಯಾಹ್ನ ತಂಗಿ ನನ್ನ ಮೊಬೈಲಿಗೆ ಮಾಡಿದಳು. "ಎಂತ ಅಕ್ಕ, ಭಾವ ಯಾರನ್ನೋ ಬಾಯ್ತುಂಬ ಹೊಗಳ್ತಾ ಇದ್ರು. ನನ್ನನ್ನ ಒಂದು ದಿನ ಹಾಗೆ ಅಂದದ್ದಿಲ್ಲ. ನಿಜ ಹೇಳ್ಲಾ? ಸ್ವಲ್ಪ ಉರೀತು."

"ಉರೀಲಿ" ಎಂದೆ. ಗಟ್ಟಿಯಾಗಿ ನಕ್ಕೆ.